ತುಕ್ಕು ಹಿಡಿದ ಬೀಮಿನ ಪ್ರಯೋಗಕ್ಕೆ ದುಡ್ಡು ಯಾರು ಕೊಡುತ್ತಾರೆ?

ಪ್ರಶ್ನೆ: ನಾನು ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ಮೊದಲ ವರ್ಷ ಮುಗಿಯುತ್ತಾ ಬಂತು. ಕರಾವಳಿಯ ಕಟ್ಟಡಗಳಲ್ಲಿ ಕಂಬಿಗೆ ತುಕ್ಕು ಹಿಡಿದರೆ ಬೀಮಿನ ಶಕ್ತಿ ಎಷ್ಟು ಕುಗ್ಗುತ್ತದೆ, ಸಿಮೆಂಟಿನ ಜೊತೆ ಜಿಜಿಬಿಎಸ್ (ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಕಿಟ್ಟದ ಪುಡಿ) ಹಾಕಿದರೆ ಎಷ್ಟು ಲಾಭ ಅಂತ ಪ್ರಯೋಗ ಮಾಡಿ ನೋಡುವ ಆಸೆ. ಎರಡು ಬಗೆಯ ಕಾಂಕ್ರೀಟ್, ತುಕ್ಕು (ಕಂಬಿಯ ತೂಕದಲ್ಲಿ ಕರಗಿದ ಪಾಲು) 0, 5, 10, 15 ಶೇಕಡಾ, ಒಂದೊಂದಕ್ಕೆ 3 ಬೀಮ್, ಒಟ್ಟು 24 ಬೀಮ್ ಅಂದುಕೊಂಡಿದ್ದೇನೆ. ಕಾಲೇಜಿನಲ್ಲಿ ದುಡ್ಡಿಲ್ಲ ಅಂದರು. ಸೀನಿಯರ್‌ಗಳು ಕೈಯಿಂದಲೇ ಹಾಕಿದ್ದಾರೆ. ನನಗೆ ಗೇಟ್ ಸ್ಟೈಪೆಂಡ್ ಬಿಟ್ಟರೆ ಬೇರೇನೂ ಇಲ್ಲ. ಸ್ಟೀಲ್ ಕಂಪನಿಯಿಂದ ಹಣ ಪಡೆಯಬಹುದೇ? ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದರೆ ಹಣ ಸಿಗುತ್ತದೆಯೇ, ಇಲ್ಲಾ ಅಮೆರಿಕಕ್ಕೆ ಹೋಗುವುದು ವಾಸಿಯೇ?

ಉತ್ತರ: ಮೊದಲು ಒಂದು ಮಾತು. ಸ್ಟೈಪೆಂಡ್ ದುಡ್ಡನ್ನು ಬೀಮಿಗೆ ಹಾಕಬೇಡಿ. ತಿಂಗಳಿಗೆ 12,400 ರೂಪಾಯಿ ಕೊಡುವುದು ನಿಮ್ಮ ಊಟಕ್ಕೆ, ರೂಮಿನ ಬಾಡಿಗೆಗೆ. ಅದಕ್ಕೆ ಪ್ರತಿಯಾಗಿ ವಾರಕ್ಕೆ 8ರಿಂದ 10 ಗಂಟೆ ಕಾಲೇಜಿನ ಲ್ಯಾಬ್ ಕೆಲಸವನ್ನೂ ಮಾಡುತ್ತೀರಿ. ಅದು ನಿಮ್ಮ ದುಡಿಮೆಯ ಹಣ. ಸಂಶೋಧನೆಯ ಖರ್ಚು ಬೇರೆ, ಅದಕ್ಕೆ ಹಣದ ದಾರಿಯೂ ಬೇರೆ. ಈ ಎರಡನ್ನೂ ಒಂದೇ ಜೇಬಿನಿಂದ ತೆಗೆಯುವುದು ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿಬಿಟ್ಟಿದೆ. ಮನೆಯಿಂದ ದುಡ್ಡು ತರಿಸಿಕೊಂಡು ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ಹಾಕುವ ಮಕ್ಕಳನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಇದು ಹೀಗೇ ಇರಬೇಕಾಗಿಲ್ಲ.

ಆದರೆ ಹಣ ಕೇಳುವ ಮುಂಚೆ ಪ್ರಯೋಗವನ್ನು ಒಮ್ಮೆ ಬಿಚ್ಚಿ ನೋಡೋಣ. ಹಣ ಕೊಡುವವರು ಮೊದಲು ನೋಡುವುದೇ ಅದನ್ನು.

ನಿಮ್ಮ ಬೀಮ್ 150 ಮಿ.ಮೀ. ಅಗಲ, 200 ಮಿ.ಮೀ. ಎತ್ತರ, 1.5 ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಒಂದು ಬೀಮಿಗೆ 0.045 ಘನ ಮೀಟರ್ ಕಾಂಕ್ರೀಟ್, ತೂಕ ಸುಮಾರು 112 ಕಿಲೋ. 24 ಬೀಮ್ ಅಂದರೆ 1.08 ಘನ ಮೀಟರ್, 2.7 ಟನ್. ಘನ ಮೀಟರಿಗೆ 400 ಕಿಲೋ ಲೆಕ್ಕದಲ್ಲಿ ಸಿಮೆಂಟು, ಸ್ಲ್ಯಾಗ್ ಎಲ್ಲಾ ಸೇರಿ 9 ಮೂಟೆ. ಕಂಬಿ ಲೆಕ್ಕಕ್ಕೆ ಸೈಟಿನಲ್ಲಿ ಬಳಸುವ ಅದೇ ಸೂತ್ರ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. ಕೆಳಗೆ 12 ಮಿ.ಮೀ. ಎರಡು, ಮೇಲೆ 8 ಮಿ.ಮೀ. ಎರಡು, ಅವನ್ನು ಸುತ್ತುವ 8 ಮಿ.ಮೀ. ರಿಂಗ್ 100 ಮಿ.ಮೀ. ಅಂತರದಲ್ಲಿ ಹಾಕಿದರೆ ಒಂದು ಬೀಮಿಗೆ ಏಳೂವರೆ ಕಿಲೋ ಆಸುಪಾಸು. 24ಕ್ಕೆ 180 ಕಿಲೋ.

ನಿಮ್ಮ ಊರಿನ ದರ ಹಾಕಿ ನೋಡಿ. ಸಿಮೆಂಟು, ಕಂಬಿ ದೊಡ್ಡ ಖರ್ಚೇ ಅಲ್ಲ. ದುಡ್ಡು ಹೋಗುವುದು ಬೇರೆ ಕಡೆ. ಮೌಲ್ಡ್, ಸ್ಟ್ರೈನ್ ಗೇಜ್ (ಕಂಬಿ ಎಷ್ಟು ಹಿಗ್ಗಿತು ಅಂತ ಅಳೆಯುವ ಪಟ್ಟಿ; ಒಂದು ಸಲ ಅಂಟಿಸಿದರೆ ಮುಗಿಯಿತು, ಮತ್ತೆ ಬರುವುದಿಲ್ಲ), ಡಿಸಿ ಪವರ್ ಸಪ್ಲೈ, ಹೊರಗಿನ ಲ್ಯಾಬಿನ ಟೆಸ್ಟ್ ಶುಲ್ಕ, ಸಾಗಣೆ, ಬೀಮ್ ಎತ್ತುವ ಆಳುಗಳ ಕೂಲಿ. 112 ಕಿಲೋ ಬೀಮನ್ನು ಒಬ್ಬಿಬ್ಬರು ಎತ್ತಲು ಆಗುವುದಿಲ್ಲ. ಆದರೂ ಬಜೆಟ್‌ನಲ್ಲಿ ಕೂಲಿಯ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ.

ಇನ್ನು ಸಮಯದ ಲೆಕ್ಕ. ಕರಾವಳಿಯಲ್ಲಿ ವರ್ಷಗಟ್ಟಲೆ ಹಿಡಿಯುವ ತುಕ್ಕನ್ನು ಲ್ಯಾಬಿನಲ್ಲಿ ಬೇಗ ಹಿಡಿಸಲು ಉಪ್ಪುನೀರಿನಲ್ಲಿ ಬೀಮ್ ಇಟ್ಟು ಕಂಬಿಗೆ ವಿದ್ಯುತ್ ಹಾಯಿಸುತ್ತೇವೆ. ಫ್ಯಾರಡೆ ನಿಯಮದ ಪ್ರಕಾರ 1 ಆಂಪಿಯರ್ ಒಂದು ದಿನ ಪೂರ್ತಿ ಹರಿದರೆ 25 ಗ್ರಾಂ ಕಬ್ಬಿಣ ಕರಗುತ್ತದೆ. 12 ಮಿ.ಮೀ. ಕಂಬಿ ಒಂದು ಮೀಟರಿಗೆ 888 ಗ್ರಾಂ ತೂಗುತ್ತದೆ, ಅದರ ಮೇಲ್ಮೈ 377 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 200 ಮೈಕ್ರೋ ಆಂಪಿಯರ್ ಕೊಟ್ಟರೆ ಕಂಬಿಯಲ್ಲಿ ಹರಿಯುವುದು 75 ಮಿಲಿ ಆಂಪಿಯರ್. ದಿನಕ್ಕೆ 1.9 ಗ್ರಾಂ ಕರಗುತ್ತದೆ. 5 ಶೇಕಡಾ ತಲುಪಲು 24 ದಿನ, 10ಕ್ಕೆ 47 ದಿನ, 15ಕ್ಕೆ 71 ದಿನ. ಇದರ ಮುಂಚೆ 28 ದಿನ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸಿ ಗಟ್ಟಿಯಾಗಲು ಬಿಡುವುದು). ಬರೀ ಕಾಯುವುದಕ್ಕೇ ಮೂರು ತಿಂಗಳ ಮೇಲಾಯಿತು, ಅಲ್ವಾ?

ಇಲ್ಲಿ ಅವಸರಕ್ಕೆ ಬಿದ್ದು ಕರೆಂಟ್ ಐದು ಪಟ್ಟು ಏರಿಸಿ ಹತ್ತೇ ದಿನದಲ್ಲಿ ಮುಗಿಸುವವರಿದ್ದಾರೆ. ಹಾಗೆ ಮಾಡಬೇಡಿ. 200ರ ಮೇಲೆ ಹೋದರೆ ಅಷ್ಟೇ ಕಬ್ಬಿಣ ಕರಗಿದ್ದರೂ ಬಿರುಕು ಬೇರೆ ರೀತಿ, ಜಾಸ್ತಿ ಅಗಲವಾಗಿ ಬೀಳುತ್ತದೆ. ಕಂಬಿಗೂ ಕಾಂಕ್ರೀಟಿಗೂ ಇರುವ ಹಿಡಿತದ ಲೆಕ್ಕ ತಪ್ಪುತ್ತದೆ. ನಿಜವಾದ ಕಟ್ಟಡದಲ್ಲಿ ಚದರ ಸೆಂ.ಮೀ.ಗೆ 1 ಮೈಕ್ರೋ ಆಂಪಿಯರ್ ದಾಟಿದರೇ ತುಕ್ಕು ಜೋರಾಗಿದೆ ಅನ್ನುತ್ತೇವೆ. 200 ಅನ್ನುವುದೇ ಬಹಳ ದೂರದ ಮಾತು. ಇನ್ನೊಂದು ವಿಷಯ. ರಿಂಗುಗಳು ಕೆಳಗಿನ ಕಂಬಿಗೆ ತಾಗುವ ಕಡೆಯಲ್ಲೆಲ್ಲಾ ಇನ್ಸುಲೇಶನ್ ಸುತ್ತಿ. ಇಲ್ಲದಿದ್ದರೆ ಕರೆಂಟ್ ರಿಂಗಿಗೂ ಹಂಚಿಹೋಗಿ ನಿಮ್ಮ ಲೆಕ್ಕವೆಲ್ಲಾ ಸುಳ್ಳಾಗುತ್ತದೆ. ಕೊನೆಗೆ ಬೀಮ್ ಒಡೆದು, ಕಂಬಿ ತೆಗೆದು, ತುಕ್ಕು ತೊಳೆದು ತೂಗಲೇಬೇಕು. ಫ್ಯಾರಡೆ ಹೇಳಿದ ಅಂಕಿಯನ್ನೇ ಥೀಸಿಸ್‌ನಲ್ಲಿ ಬರೆದರೆ ಒಳ್ಳೆಯ ಪರೀಕ್ಷಕರು ಒಪ್ಪುವುದಿಲ್ಲ.

ಈಗ ನಿಮ್ಮ ಯೋಜನೆಯಲ್ಲಿರುವ ದೊಡ್ಡ ತೊಡಕಿಗೆ ಬರುತ್ತೇನೆ. ಜಿಜಿಬಿಎಸ್ ಹಾಕಿದ ಕಾಂಕ್ರೀಟಿನ ಲಾಭ ಇರುವುದು ಉಪ್ಪಿನ ಕ್ಲೋರೈಡ್ ಕಂಬಿಯವರೆಗೆ ಬರುವುದನ್ನು ತಡ ಮಾಡುವುದರಲ್ಲಿ. ನೀವು ವಿದ್ಯುತ್ ಹಾಯಿಸಿ ಎರಡೂ ಕಾಂಕ್ರೀಟಿನಲ್ಲಿ ಅಷ್ಟೇ ಕಬ್ಬಿಣವನ್ನು ಬಲವಂತವಾಗಿ ಕರಗಿಸಿದರೆ ಆ ಲಾಭ ಕಾಣಿಸುವುದೇ ಇಲ್ಲ. ಕಾಣುವುದು ತುಕ್ಕು ಹಿಡಿದ ನಂತರದ ಕಥೆ ಮಾತ್ರ. ಅಂದರೆ ನಿಮ್ಮ ಹತ್ತಿರ ಇರುವುದು ಎರಡು ಬೇರೆ ಬೇರೆ ಪ್ರಶ್ನೆ. ಎರಡಕ್ಕೂ ಒಂದೇ ದುಬಾರಿ ಪ್ರಯೋಗ ಇಟ್ಟಿದ್ದೀರಿ.

ಎರಡನ್ನೂ ಬೇರ್ಪಡಿಸಿ. ಸ್ಲ್ಯಾಗಿನ ಪ್ರಶ್ನೆಗೆ ಬೀಮ್ ಬೇಡವೇ ಬೇಡ. 100 ಮಿ.ಮೀ. ವ್ಯಾಸದ, 50 ಮಿ.ಮೀ. ದಪ್ಪದ ಬಿಲ್ಲೆಗಳು ಸಾಕು. 60 ವೋಲ್ಟ್, 6 ಗಂಟೆಯ ಕ್ಲೋರೈಡ್ ಪರೀಕ್ಷೆ ಬಹಳಷ್ಟು ಕಡೆ ಸಿಗುತ್ತದೆ. ಅದರಲ್ಲಿ ಸ್ಲ್ಯಾಗಿಗೆ ಸ್ವಲ್ಪ ಅನುಕೂಲವಾದ ಅಂಕಿ ಬರುತ್ತದೆ. ಯಾಕೆಂದರೆ ಅದು ಅಳೆಯುವುದು ಹರಿದ ವಿದ್ಯುತ್ತನ್ನು, ಒಳಹೊಕ್ಕ ಕ್ಲೋರೈಡನ್ನಲ್ಲ. ಆದ್ದರಿಂದ ಕೆಲವು ಬಿಲ್ಲೆಗಳಿಗಾದರೂ ಕ್ಲೋರೈಡ್ ಎಷ್ಟು ಆಳಕ್ಕೆ ಹೋಯಿತು ಅಂತ ಅಳೆಯುವ ಮೈಗ್ರೇಶನ್ ಪರೀಕ್ಷೆ ಮಾಡಿಸಿ. ಬೀಮಿನ ಪ್ರಶ್ನೆಗೆ ಒಂದೇ ಕಾಂಕ್ರೀಟ್ ಇರಲಿ. ತುಕ್ಕು 0, 5, 10 ಶೇಕಡಾ, ಮೂರು ಮೂರು ಬೀಮ್. 24 ಇದ್ದದ್ದು 9ಕ್ಕೆ ಇಳಿಯಿತು. ನಾಲ್ಕು ಮೂಟೆ ಸಿಮೆಂಟು, 70 ಕಿಲೋ ಕಂಬಿ ಸಾಕು. ತುಕ್ಕು ಹಿಡಿಸಬೇಕಾದದ್ದು 6 ಬೀಮ್. ಅವನ್ನು ಬೇರೆ ಬೇರೆ ತೊಟ್ಟಿಯಲ್ಲಿಟ್ಟು ಸರಣಿಯಲ್ಲಿ ಜೋಡಿಸಿದರೆ ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಬೇಕಾದಷ್ಟು ವೋಲ್ಟೇಜ್ ಇರುವ ಒಂದೇ ಪವರ್ ಸಪ್ಲೈ ಸಾಕು. 24ನೇ ದಿನ ಮೂರನ್ನು ತೆಗೆಯಿರಿ, 47ನೇ ದಿನ ಉಳಿದ ಮೂರನ್ನು. 15 ಶೇಕಡಾ ಬಿಟ್ಟಿದ್ದರಿಂದ ಒಂದೇ ಏಟಿಗೆ 24 ದಿನ ಉಳಿಯಿತು.

ಇಷ್ಟು ವಿವರ ಯಾಕೆ ಅಂದರೆ, ಈ ಒಂದು ಪುಟದ ಲೆಕ್ಕವೇ ನಿಮ್ಮ ಅರ್ಜಿ. ಅರ್ಜಿ ಓದುವವರ ಮುಂದೆ "ಸಿಮೆಂಟಿನ ಬದಲು ಇಂತಿಷ್ಟು ಶೇಕಡಾ ಅದು, 7 ಮತ್ತು 28 ದಿನದ ಸ್ಟ್ರೆಂತ್" ಅನ್ನುವ ಪ್ರಸ್ತಾವಗಳು ರಾಶಿ ಬಿದ್ದಿರುತ್ತವೆ. ಪುಡಿಯ ಹೆಸರು ಬದಲಾಗುತ್ತದೆ, ಉಳಿದದ್ದೆಲ್ಲಾ ಅದೇ. ಉತ್ತರ ಸಿಕ್ಕರೆ ಯಾರು ಏನು ಬದಲಿಸುತ್ತಾರೆ ಅಂತ ಒಂದೇ ಸಾಲಿನಲ್ಲಿ ಹೇಳಬಲ್ಲವರು ಕಡಿಮೆ. ನಿಮ್ಮ ಕೈಯಲ್ಲಿ ಆ ಸಾಲು ಇದೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿಯ ವಾತಾವರಣಕ್ಕೆ ತೆರೆದ ಕಾಂಕ್ರೀಟು "ತೀವ್ರ" ವರ್ಗಕ್ಕೆ ಸೇರುತ್ತದೆ. ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ನೀರು-ಸಿಮೆಂಟು ಅನುಪಾತ ಹೆಚ್ಚೆಂದರೆ 0.45, ಕವರ್ (ಕಂಬಿಯ ಮೇಲಿನ ಕಾಂಕ್ರೀಟಿನ ದಪ್ಪ) 45 ಮಿ.ಮೀ. ಉಡುಪಿಯಲ್ಲೋ ಕಾರವಾರದಲ್ಲೋ ಕಟ್ಟುವ ಮನೆಯಲ್ಲಿ ನಿಜಕ್ಕೂ ಎಷ್ಟು ಕವರ್ ಇದೆ? ಕವರ್ ಮೀಟರ್ ಹಿಡಿದು, ಮಾಲೀಕರ ಒಪ್ಪಿಗೆ ಪಡೆದು, ಹತ್ತಿಪ್ಪತ್ತು ಹಳೆಯ ಕಟ್ಟಡ ಅಳೆದು ಬನ್ನಿ. ಎಲ್ಲಾದರೂ ಕಾಂಕ್ರೀಟ್ ಒಡೆದಿದ್ದರೆ ಹೊಸದಾಗಿ ಚಿಪ್ಪೆಬ್ಬಿಸಿ ಫಿನಾಲ್ಫ್ತಲೀನ್ ಹಚ್ಚಿ ನೋಡಿ. ಗುಲಾಬಿ ಬಣ್ಣ ಬಂದ ಕಡೆ ಕ್ಷಾರ ಉಳಿದಿದೆ, ಬಣ್ಣ ಬಾರದ ಕಡೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಿದೆ. ಬಸ್ ಚಾರ್ಜಿನ ಖರ್ಚಿನಲ್ಲಿ ಇಷ್ಟು ಗಟ್ಟಿ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಇದನ್ನು ಅರ್ಜಿಯ ಮೊದಲ ಪ್ಯಾರಾದಲ್ಲಿ ಹಾಕಿದರೆ ಓದುವವರು ಮುಂದಕ್ಕೆ ಓದುತ್ತಾರೆ.

ಸರಿ, ಅರ್ಜಿ ಎಲ್ಲಿಗೆ?

ನಿಮ್ಮ ಮಟ್ಟಕ್ಕೆ ನೇರವಾಗಿ ಹೊಂದುವುದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. ಕೆಎಸ್‌ಸಿಎಸ್‌ಟಿ ಅಂತಲೇ ಎಲ್ಲರೂ ಕರೆಯುವುದು. ಕಚೇರಿ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿದೆ. 1977ರಿಂದ ನಡೆಯುತ್ತಿರುವ ಯೋಜನೆ ಇದು. ಬಿ.ಇ., ಎಂ.ಟೆಕ್ ಪ್ರಾಜೆಕ್ಟುಗಳಿಗೆ ಸಾಮಗ್ರಿ ಮತ್ತು ಪರೀಕ್ಷೆಯ ಖರ್ಚಿಗೆ ಹಣ ಕೊಡುತ್ತಾರೆ. ಮೊತ್ತ ದೊಡ್ಡದಲ್ಲ. ಆದರೆ 24 ಬೀಮಿಗೆ ಸಾಲದ ಹಣ 9 ಬೀಮಿನ ಖರ್ಚಿಗೆ ಒಳ್ಳೆಯ ಆಸರೆ. ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಗೈಡ್, ಎಚ್‌ಒಡಿ, ಪ್ರಿನ್ಸಿಪಾಲ್ ಮೂಲಕವೇ ಹೋಗಬೇಕು. ಪ್ರಾಜೆಕ್ಟ್ ಶುರುವಾದ ಮೇಲೆ ನೋಡೋಣ ಅಂತ ಸುಮ್ನೆ ಕೂತರೆ ಕೊನೆಯ ದಿನಾಂಕ ದಾಟಿಹೋಗಿರುತ್ತದೆ. ನೀವು ಇನ್ನೂ ಮೊದಲ ವರ್ಷದ ಕೊನೆಯಲ್ಲಿದ್ದೀರಿ. ಇದೇ ಸರಿಯಾದ ಹೊತ್ತು.

ಎರಡನೆಯದು ನಿಮ್ಮ ಕಾಲೇಜೇ. "ದುಡ್ಡಿಲ್ಲ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಹೊರಗಿನ ಗುತ್ತಿಗೆದಾರರ ಕ್ಯೂಬ್, ಕಂಬಿ, ಇಟ್ಟಿಗೆ ಪರೀಕ್ಷೆ ಮಾಡಿಕೊಡುವ ಸಿವಿಲ್ ವಿಭಾಗಗಳಿಗೆ ಅದರಿಂದ ಆದಾಯ ಇರುತ್ತದೆ. ಆ ಹಣದ ಒಂದು ಪಾಲು ವಿದ್ಯಾರ್ಥಿಗಳ ಸಂಶೋಧನೆಗೆ ಮೀಸಲಿರಬೇಕು ಅಂತ ನಾನು ಎಲ್ಲಾ ಸಭೆಗಳಲ್ಲೂ ಹೇಳುತ್ತಾ ಬಂದಿದ್ದೇನೆ. ಕಾಲೇಜು ಸ್ವಾಯತ್ತವಾಗಿದ್ದರೆ ಇನ್ನೊಂದು ದಾರಿ ಇದೆ. ಸಂಶೋಧನೆಗೆ ಸಂಸ್ಥೆ ತನ್ನ ಕಡೆಯಿಂದ ಬೀಜಧನ ಕೊಟ್ಟಿದೆಯೇ ಅಂತ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಮೌಲ್ಯಮಾಪನದಲ್ಲಿ ಕೇಳುತ್ತಾರೆ. ಆ ಹಣ ಸಿಗುವುದು ಅಧ್ಯಾಪಕರ ಹೆಸರಿಗೆ. ಹಾಗಾಗಿ ನಿಮ್ಮ ಪ್ರಯೋಗ ಗೈಡ್ ಅವರ ಪ್ರಸ್ತಾವದ ಒಂದು ಭಾಗವಾಗಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಯೋಜನೆಗಳೂ, ಸಂಶೋಧನೆಗೆ ಹಣ ಕೊಡುವ ಕೇಂದ್ರ ಸಂಸ್ಥೆಯಾಗಿ ಎಸ್‌ಇಆರ್‌ಬಿಯ ಜಾಗಕ್ಕೆ 2024ರಲ್ಲಿ ಬಂದ ಎಎನ್‌ಆರ್‌ಎಫ್‌ನ ದೊಡ್ಡ ಅನುದಾನಗಳೂ ಹೀಗೇ, ಅಧ್ಯಾಪಕರ ಹೆಸರಿಗೇ ಬರುತ್ತವೆ. ವಿದ್ಯಾರ್ಥಿ ಕೇಳಲು ಆಗುವುದಿಲ್ಲ, ಆದರೆ ಕರಡು ಬರೆದುಕೊಡಬಹುದು. ಒಳ್ಳೆಯ ಕರಡು ಕೈಗೆ ಬಂದರೆ ಬಹುತೇಕ ಗೈಡ್‌ಗಳು ಖುಷಿಯಿಂದ ಮುಂದಕ್ಕೆ ತೆಗೆದುಕೊಂಡು ಹೋಗುತ್ತಾರೆ.

ಮೂರನೆಯದು, ಯಂತ್ರವನ್ನು ಕೊಳ್ಳುವ ಬದಲು ಬೇರೆಯವರ ಯಂತ್ರ ಬಳಸುವುದು. ಐ-ಸ್ಟೆಮ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ದೇಶದ ಬೇರೆ ಬೇರೆ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಅಲ್ಲಿ ಹುಡುಕಿ, ಶುಲ್ಕ ಕಟ್ಟಿ ಬಳಸಬಹುದು. ತುಕ್ಕಿನ ಸೂಕ್ಷ್ಮದರ್ಶಕ ಚಿತ್ರ ನಾಲ್ಕೈದು ಬೇಕು ಅಂದರೆ ಅದಕ್ಕೆ ಇದೇ ದಾರಿ. ಸುರತ್ಕಲ್‌ನ ಎನ್‌ಐಟಿಕೆ ಸಮುದ್ರದ ದಡದಲ್ಲೇ ಇದೆ. ತಮಿಳುನಾಡಿನ ಕಾರೈಕುಡಿಯ ಸಿಇಸಿಆರ್‌ಐ ತುಕ್ಕಿನ ಅಧ್ಯಯನಕ್ಕೆ ಹೆಸರಾದ ಸಂಸ್ಥೆ. ಗೈಡ್ ಕಡೆಯಿಂದ ಒಂದು ಪತ್ರ ಬರೆಸಿ ಕೇಳಿ ನೋಡಿ.

ಈಗ ಸ್ಟೀಲ್ ಕಂಪನಿಯ ಪ್ರಶ್ನೆ. ಪಡೆಯಬಹುದು. ಕಾಂಕ್ರೀಟಿನ ಇತಿಹಾಸದಲ್ಲಿ ಉದ್ಯಮದ ಹಣದಿಂದ ಬಹಳ ಒಳ್ಳೆಯ ಕೆಲಸ ಆಗಿದೆ. ನೀರು ಜಾಸ್ತಿಯಾದರೆ ಕಾಂಕ್ರೀಟಿನ ಶಕ್ತಿ ಇಳಿಯುತ್ತದೆ ಅನ್ನುವ ನಿಯಮವನ್ನು ಡಫ್ ಅಬ್ರಾಮ್ಸ್ 1918ರಲ್ಲಿ ಪ್ರಕಟಿಸಿದ್ದು ಶಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟ್‌ನ ಲ್ಯಾಬಿನಿಂದ. ಆ ಲ್ಯಾಬನ್ನು ಇನ್‌ಸ್ಟಿಟ್ಯೂಟಿನ ಜೊತೆ ಸೇರಿ ನಡೆಸುತ್ತಿದ್ದದ್ದು ಅಮೆರಿಕದ ಸಿಮೆಂಟ್ ತಯಾರಕರ ಸಂಘ. ಇವತ್ತಿಗೂ ಮಿಕ್ಸ್ ಡಿಸೈನ್ (ಕಾಂಕ್ರೀಟಿನ ಸಾಮಗ್ರಿಗಳ ಪ್ರಮಾಣ ಗೊತ್ತುಮಾಡುವುದು) ಮಾಡುವಾಗ ಎಲ್ಲರೂ ಅದರ ಮೇಲೆಯೇ ನಿಂತಿದ್ದೇವೆ. ಆದ್ದರಿಂದ ಕಂಪನಿ ಅಂದಕೂಡಲೇ ಹಿಂಜರಿಯಬೇಡಿ.

ಆದರೆ ಎಂ.ಟೆಕ್ ಮಟ್ಟದಲ್ಲಿ ನಗದು ಕೇಳಬೇಡಿ, ಸಾಮಗ್ರಿ ಕೇಳಿ. ಬಳ್ಳಾರಿ ಕಡೆ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಜಿಜಿಬಿಎಸ್ ಆಗುವುದೂ ಅಲ್ಲಿಯ ಸ್ಲ್ಯಾಗಿನಿಂದಲೇ. 70 ಕಿಲೋ ಕಂಬಿ, ಎರಡು ಚೀಲ ಸ್ಲ್ಯಾಗ್ ಅವರಿಗೆ ಲೆಕ್ಕಕ್ಕೇ ಬಾರದ ವಸ್ತು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಸಾಕು: ಏನು ಪ್ರಯೋಗ, ಯಾವ ದರ್ಜೆಯ ಕಂಬಿ, ಎಷ್ಟು ಕಿಲೋ, ಯಾವಾಗ ಬೇಕು. ಕಂಬಿ ಎಲ್ಲಾ ಒಂದೇ ಹೀಟ್‌ನದ್ದು (ಒಂದೇ ಸಲ ಕರಗಿಸಿದ ಉಕ್ಕಿನದ್ದು) ಇರಲಿ, ಟೆಸ್ಟ್ ಸರ್ಟಿಫಿಕೇಟೂ ಜೊತೆಗೆ ಬರಲಿ ಅಂತ ಅದರಲ್ಲೇ ಬರೆಯಿರಿ. ಅಂಗಡಿಯಲ್ಲಿ ತುಂಡು ತುಂಡಾಗಿ ಕೊಂಡರೆ ಇದು ಸಿಗುವುದಿಲ್ಲ. ಫೆ500 ದರ್ಜೆ ಅಂತ ಬರೆದ ಎರಡು ಕಂಬಿಗಳ ನಿಜವಾದ ಯೀಲ್ಡ್ (ಎಳೆದಾಗ ಕಂಬಿ ಶಾಶ್ವತವಾಗಿ ಹಿಗ್ಗಲು ಶುರುವಾಗುವ ಬಲ) ಬೇರೆ ಬೇರೆ ಇರಬಹುದು. ಹಾಗಾದರೆ ಬೀಮ್ ದುರ್ಬಲವಾದದ್ದು ತುಕ್ಕಿನಿಂದಲೋ ಕಂಬಿಯಿಂದಲೋ ಅಂತ ಹೇಳಲು ಆಗುವುದಿಲ್ಲ. ಹಣ ಉಳಿಯುವುದಕ್ಕಿಂತ ಇದು ದೊಡ್ಡ ಲಾಭ.

ಸಾಮಗ್ರಿ ತೆಗೆದುಕೊಳ್ಳುವ ಮುಂಚೆ ನಾಲ್ಕು ಮಾತು ಬರಹದಲ್ಲಿ ಇರಲಿ. ಫಲಿತಾಂಶ ಹೇಗೇ ಬಂದರೂ ಪ್ರಕಟಿಸುವ ಹಕ್ಕು ನಿಮ್ಮದು. ಪ್ರಕಟಣೆಗೆ ಮುಂಚೆ ಅವರು ಓದಬಹುದು, ತಡೆಯುವಂತಿಲ್ಲ. ಸಾಮಗ್ರಿ ಯಾರು ಕೊಟ್ಟರು ಅಂತ ಥೀಸಿಸ್‌ನಲ್ಲಿ ಹೇಳುತ್ತೀರಿ. ನಿಮ್ಮ ಕಾಲೇಜಿನ ಹೆಸರನ್ನು ಅವರು ಜಾಹೀರಾತಿಗೆ ಬಳಸುವಂತಿಲ್ಲ. ಇದಕ್ಕೆ ಒಪ್ಪದವರ ಕಂಬಿ ಬೇಡ. "ನಮ್ಮ ಉತ್ಪನ್ನ ಒಳ್ಳೆಯದು ಅಂತ ಒಂದು ರಿಪೋರ್ಟ್ ಕೊಡಿ" ಅನ್ನುವ ಕೋರಿಕೆ ಬಂದರೆ ಅದು ಟೆಸ್ಟಿಂಗ್ ಕೆಲಸ, ಸಂಶೋಧನೆಯಲ್ಲ. ಅದಕ್ಕೆ ಶುಲ್ಕ ತೆಗೆದುಕೊಂಡು ಲ್ಯಾಬು ಬೇರೆಯಾಗಿ ಮಾಡಿಕೊಡಲಿ. ಬೀಳುವ ಕಟ್ಟಡದ ಕೆಳಗೆ ಮನುಷ್ಯರು ಇರುತ್ತಾರೆ. ನಮ್ಮ ವಿಷಯದಲ್ಲಿ ಈ ಗೆರೆ ದಾಟಲೇಬಾರದು.

ದುಡ್ಡು ಮಂಜೂರಾದ ಮೇಲೆ ಒಂದಿಷ್ಟು ಕಚೇರಿ ಕೆಲಸ ಇರುತ್ತದೆ. ಮಂಜೂರಾತಿ ಪತ್ರ ಬರುವ ಮುಂಚೆ ಕೊಂಡದ್ದರ ಬಿಲ್ ಸಾಮಾನ್ಯವಾಗಿ ನಡೆಯುವುದಿಲ್ಲ. ಬಿಲ್ ನಿಮ್ಮ ಹೆಸರಿನಲ್ಲಿ ಬೇಡ, ಕಾಲೇಜಿನ ಹೆಸರಿನಲ್ಲಿ ಇರಲಿ, ಜಿಎಸ್‌ಟಿ ನಂಬರ್ ಸಮೇತ. ಹಣ ಕಾಲೇಜಿನ ಖಾತೆಗೆ ಬರುತ್ತದೆ, ಎಷ್ಟೋ ಸಲ ತಡವಾಗಿ. ಅಲ್ಲಿಯವರೆಗೆ ವಿಭಾಗವೇ ಮುಂಗಡ ಕೊಡುತ್ತದೆಯೇ ಅಂತ ಎಚ್‌ಒಡಿ ಹತ್ತಿರ ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಕೊನೆಗೆ ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಹೇಗೆ ಖರ್ಚಾಯಿತು ಅನ್ನುವ ದೃಢೀಕರಣ) ಕೊಡದಿದ್ದರೆ ನಿಮ್ಮ ನಂತರದ ಬ್ಯಾಚಿನವರಿಗೆ ತೊಂದರೆಯಾಗುತ್ತದೆ.

ಪಿಎಚ್.ಡಿ. ವಿಚಾರ. ಅಲ್ಲಿ ಪರಿಸ್ಥಿತಿ ಎಷ್ಟೋ ವಾಸಿ. 2023ರ ಜನವರಿಯಿಂದ ಕಿರಿಯ ಸಂಶೋಧಕರ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000, ನಂತರ ಹಿರಿಯ ಸಂಶೋಧಕರ ಎಸ್‌ಆರ್‌ಎಫ್ 42,000, ಮನೆ ಬಾಡಿಗೆ ಭತ್ಯೆ ಬೇರೆ. ಪ್ರಧಾನ ಮಂತ್ರಿ ರಿಸರ್ಚ್ ಫೆಲೋಶಿಪ್ 2018ರಲ್ಲಿ ಬಂದಾಗ 70,000ದಿಂದ ಶುರುವಾಗಿ 80,000ದವರೆಗೆ ಏರುವಂತೆ ಇಟ್ಟರು, ಜೊತೆಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ. 2025ರ ಬಜೆಟ್‌ನಲ್ಲಿ ಐದು ವರ್ಷಕ್ಕೆ 10,000 ಫೆಲೋಶಿಪ್ ಅಂತ ಘೋಷಣೆಯೂ ಆಗಿದೆ. ಸ್ಪರ್ಧೆ ಬಹಳ ಕಠಿಣ. ರಾಜ್ಯದ ವಿಶ್ವವಿದ್ಯಾಲಯದಲ್ಲೇ ಓದುವುದಾದರೆ ಕೆಸ್ಟೆಪ್ಸ್ (ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಉತ್ತೇಜನ ಸೊಸೈಟಿ) ಮೂಲಕ ರಾಜ್ಯ ಸರ್ಕಾರದ ಪಿಎಚ್.ಡಿ. ಫೆಲೋಶಿಪ್ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ಫೆಲೋಶಿಪ್‌ಗಳಿವೆ. ಅರ್ಹತೆ ಇದ್ದರೆ ತಪ್ಪದೆ ಹಾಕಿ. ಆದರೆ ಸೇರುವ ಮುಂಚೆ ಫೆಲೋಶಿಪ್ ಬಗ್ಗೆ ಕೇಳಿ ಸುಮ್ಮನಾಗಬೇಡಿ. ಗೈಡ್ ಹತ್ತಿರ ನಡೆಯುತ್ತಿರುವ ಪ್ರಾಜೆಕ್ಟ್ ಇದೆಯೇ, ಲೋಡಿಂಗ್ ಫ್ರೇಮ್ (ಬೀಮಿನ ಮೇಲೆ ಭಾರ ಹಾಕಿ ಪರೀಕ್ಷಿಸುವ ಚೌಕಟ್ಟು) ಕೆಲಸ ಮಾಡುತ್ತಿದೆಯೇ, ಹೋದ ವರ್ಷ ಎಷ್ಟು ಬೀಮ್ ಟೆಸ್ಟ್ ಆಯಿತು ಅಂತಲೂ ಕೇಳಿ. ನೀವೇ ಲ್ಯಾಬಿಗೆ ಹೋಗಿ ನೋಡುವುದು ಇನ್ನೂ ಒಳ್ಳೆಯದು. ಧೂಳು ಹಿಡಿದ ಫ್ರೇಮ್ ಎಲ್ಲಾ ಹೇಳುತ್ತದೆ.

ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಹಣ ಬರುವುದು ಪ್ರೊಫೆಸರ್‌ಗೆ: ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ, ರಾಜ್ಯಗಳ ಸಾರಿಗೆ ಇಲಾಖೆಗಳಿಂದ. ಅವರು ಆ ಹಣದಲ್ಲಿ ನಿಮ್ಮನ್ನು ರಿಸರ್ಚ್ ಅಸಿಸ್ಟೆಂಟ್ ಆಗಿ ಇಟ್ಟುಕೊಂಡರೆ ಸಾಮಾನ್ಯವಾಗಿ ಫೀಸೂ ಮಾಫಿ, ತಿಂಗಳ ಹಣವೂ ಸಿಗುತ್ತದೆ. ಆದರೆ ವಿಷಯ ಆ ಪ್ರಾಜೆಕ್ಟಿನದ್ದೇ ಆಗಿರಬೇಕು. ಅಲ್ಲೂ ಕಂಬಿಯ ತುಕ್ಕು ದೊಡ್ಡ ವಿಷಯ. ಚಳಿಗಾಲದಲ್ಲಿ ಹಿಮ ಕರಗಿಸಲು ಸೇತುವೆಗಳ ಮೇಲೆ ಸುರಿಯುವ ಉಪ್ಪು ಕೆಳಗಿನ ಕಂಬಿಯನ್ನು ತಿನ್ನುತ್ತದೆ. ಹಾಗಾಗಿ ನಿಮ್ಮ ಅನುಭವಕ್ಕೆ ಅಲ್ಲಿ ಬೆಲೆ ಇದೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಪ್ರತಿಷ್ಠಾನ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಫೆಲೋಶಿಪ್, ಸ್ಕಾಲರ್‌ಶಿಪ್ ಕೊಡುತ್ತದೆ. ಕಂಬಿ ತಯಾರಕರ ಸಂಘಕ್ಕೂ, ಪ್ರಿಕಾಸ್ಟ್ ಉದ್ಯಮದ ಸಂಘಕ್ಕೂ ತಮ್ಮದೇ ಯೋಜನೆಗಳಿವೆ. ಇವೆಲ್ಲಾ ಸಿಕ್ಕರೆ ಮೇಲಿನ ಸಹಾಯ ಅಷ್ಟೇ. ಇವನ್ನೇ ನಂಬಿ ವಿಮಾನ ಹತ್ತಬೇಡಿ. ಅಸಿಸ್ಟೆಂಟ್‌ಶಿಪ್ ಇಲ್ಲದೆ, ಮನೆ ಅಡ ಇಟ್ಟು ಸಾಲ ಮಾಡಿ ಎಂ.ಎಸ್.ಗೆ ಹೋಗುವುದನ್ನು ನಾನಂತೂ ಒಪ್ಪುವುದಿಲ್ಲ. ನೀವು ಈಗಾಗಲೇ ಎಂ.ಟೆಕ್ ಮುಗಿಸುತ್ತಿದ್ದೀರಿ. ಹೋಗುವುದಾದರೆ ನೇರ ಪಿಎಚ್.ಡಿ.ಗೆ, ಕೈಯಲ್ಲಿ ಅಸಿಸ್ಟೆಂಟ್‌ಶಿಪ್ ಪತ್ರ ಹಿಡಿದು ಹೋಗಿ. ಆ ಪತ್ರ ಕೊಡುವ ಪ್ರೊಫೆಸರ್‌ಗೆ ನೀವು ಕಳುಹಿಸಬೇಕಾದದ್ದು ಈ 9 ಬೀಮಿನ ಫಲಿತಾಂಶ, ತೂಗಿದ ಕಂಬಿಯ ಅಂಕಿಗಳ ಸಮೇತ. ಅದಕ್ಕೆ ಈ ವಾರವೇ ಒಂದು ಪುಟದ ಲೆಕ್ಕ ಬರೆದು ಗೈಡ್ ಮುಂದೆ ಇಡಿ. ಕೆಎಸ್‌ಸಿಎಸ್‌ಟಿ ಈ ವರ್ಷ ಅರ್ಜಿ ಯಾವಾಗ ಕರೆಯುತ್ತದೆ ಅಂತ ಅವರ ಹತ್ತಿರವೇ ವಿಚಾರಿಸಿ.